ಕ್ಷಯದ ಕ್ರಿಮಿಯನ್ನು ಕಂಡ ರಾಬರ್ಟ್ ಕಾಕ್



ಮಾರ್ಚ್ 24 ವಿಶ್ವ ಕ್ಷಯರೋಗ ದಿನ. ಈ ತಾರೀಖೇ ಯಾಕೆ ಎಂದು ನಮ್ಮ ಯುವಜನರ ಕೂಟದಲ್ಲಿ ಪ್ರಶ್ನೆ ಬಂತು. ಉತ್ತರಕ್ಕೆ ಒಬ್ಬ ಜರ್ಮನ್ ವೈದ್ಯರ ಜೀವನವನ್ನೇ ಹೇಳಬೇಕು.

ರಾಬರ್ಟ್ ಕಾಕ್ 1843ರ ಡಿಸೆಂಬರ್ 11ರಂದು ಕ್ಲೌಸ್ತಾಲ್ ಎಂಬ ಗಣಿ ಊರಿನಲ್ಲಿ ಹುಟ್ಟಿದರು. ವೈದ್ಯವಿದ್ಯೆ ಕಲಿತು ವೋಲ್‌ಸ್ಟೈನ್ ಎಂಬ ಸಣ್ಣ ಪಟ್ಟಣದಲ್ಲಿ ಸರ್ಕಾರಿ ವೈದ್ಯರಾದರು. ಪ್ರಯೋಗಾಲಯವೆಂದರೆ ಮನೆಯ ಒಂದು ಮೂಲೆ, ಹೆಂಡತಿ ಎಮ್ಮಿ ಕೊಡಿಸಿದ ಒಂದು ಸೂಕ್ಷ್ಮದರ್ಶಕ. ಅಲ್ಲೇ ಕುರಿ ದನಗಳ ನೆರಡಿ ರೋಗದ ಕ್ರಿಮಿ ಹೇಗೆ ಬದುಕುತ್ತದೆ ಎಂಬುದನ್ನು 1876ರಲ್ಲಿ ತೋರಿಸಿಕೊಟ್ಟರು. 1880ರಲ್ಲಿ ಬರ್ಲಿನ್ ಅವರನ್ನು ಕರೆಸಿಕೊಂಡಿತು.

ಆಗ ಕ್ಷಯ ವಂಶದಿಂದ ಬರುತ್ತದೆಂದೇ ಬಹಳ ಜನ ನಂಬಿದ್ದರು. (ನಮ್ಮ ಕಡೆ ಸಂಬಂಧ ಹುಡುಕುವಾಗ ಈ ಮಾತು ಇನ್ನೂ ಸತ್ತಿಲ್ಲ. ಕನ್ನಡದವರಿಗೂ ತೆಲುಗಿನವರಿಗೂ ಅದು ಕ್ಷಯವೇ, ಮುಚ್ಚಿಡುವುದೂ ಒಂದೇ ರೀತಿ.) ಆ ಕ್ರಿಮಿ ಸುಲಭಕ್ಕೆ ಬಣ್ಣ ಹಿಡಿಯುವುದಿಲ್ಲ, ಬೆಳೆಯಲು ವಾರಗಟ್ಟಲೆ ಬೇಕು. ಕಾಕ್ ಕಾದರು. 1882ರ ಮಾರ್ಚ್ 24ರ ಸಂಜೆ ಬರ್ಲಿನ್‌ನ ಸಭೆಯಲ್ಲಿ ಗಾಜಿನ ಪಟ್ಟಿಗಳನ್ನು ಮುಂದಿಟ್ಟು ಕ್ಷಯದ ಕ್ರಿಮಿಯನ್ನು ತೋರಿಸಿದರು. ಸಭೆಯಲ್ಲಿ ಯಾರೂ ಎದುರು ಮಾತಾಡಲಿಲ್ಲ.

ಮರುವರ್ಷ ಕಾಲರಾ ಕ್ರಿಮಿಯನ್ನು ಹುಡುಕುತ್ತಾ ಈಜಿಪ್ಟಿಗೆ, ಅಲ್ಲಿಂದ ಕಲ್ಕತ್ತೆಗೂ ಬಂದರು.

ಇನ್ನೊಂದು ಸಂಗತಿಯನ್ನು ಬಿಡಲಾಗದು. 1890ರಲ್ಲಿ ಅವರು ಕ್ಷಯಕ್ಕೆ ಮದ್ದು ಸಿಕ್ಕಿತೆಂದು ಸಾರಿದರು. ಟ್ಯೂಬರ್ಕ್ಯುಲಿನ್ ಎಂಬ ಅದು ಯಾವುದರಿಂದ ಆದದ್ದೆಂದು ಮೊದಲು ಹೇಳಲೂ ಇಲ್ಲ. ರೋಗಿಗಳು ಬರ್ಲಿನ್‌ಗೆ ಮುಗಿಬಿದ್ದರು. ಗುಣವಾಗಲಿಲ್ಲ, ಹಲವರಿಗೆ ರೋಗ ಉಲ್ಬಣಿಸಿತು, ಕೆಲವರು ಸತ್ತರು. ಅಷ್ಟು ತಾಳ್ಮೆಯ ಮನುಷ್ಯ ಇಲ್ಲಿ ಅವಸರಪಟ್ಟರು ಎಂದೇ ನಮಗೆ ಅನ್ನಿಸುತ್ತದೆ. ಮುಂದೆ ಅದು ಮದ್ದಾಗಿ ಅಲ್ಲ, ಸೋಂಕು ತಗುಲಿದೆಯೇ ಎಂದು ನೋಡುವ ಚರ್ಮದ ಪರೀಕ್ಷೆಯಾಗಿ ಉಳಿಯಿತು. 1905ರಲ್ಲಿ ನೊಬೆಲ್ ಬಂತು. 1910ರ ಮೇ 27ರಂದು ಬಾಡೆನ್ ಬಾಡೆನ್‌ನಲ್ಲಿ ತೀರಿಕೊಂಡರು.

ನಮ್ಮ ಸೀಮೆಗೆ ಅವರು ಬರಲೇ ಇಲ್ಲ, ಅವರ ಗಾಜಿನ ಪಟ್ಟಿ ಬಂತು. ಮೊದಲು ಕ್ಷಯ ಎಂದರೆ ಮದನಪಲ್ಲಿ ಹತ್ತಿರದ ಆರೋಗ್ಯವರದಂಥ ಮಿಷನ್ ಆಸ್ಪತ್ರೆಗೆ ಸೇರಿ ತಿಂಗಳುಗಟ್ಟಲೆ ಮಲಗಬೇಕಿತ್ತು. ಎಷ್ಟು ಜನರಿಗೆ ಅದು ಸಾಧ್ಯ? 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅದರವರು ಪಕ್ಕದ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗ ಗೊತ್ತಾದದ್ದು ಇದು: ಕ್ಷಯ ಇದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ವಾಪಸ್ ಬಂದಿದ್ದರು. ಅವರ ಕಫವನ್ನು ಯಾರೂ ನೋಡಿರಲಿಲ್ಲ.

ಹಾಗಾಗಿ ಹೊಸ ಯೋಜನೆ ಸರಳವಾಗಿತ್ತು. ಕೆಮ್ಮೆಂದು ಬಂದವರ ಕಫವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಕ್ರಿಮಿ ಕಂಡರೆ ಮಾತ್ರೆ ಕೊಟ್ಟು ಮನೆಯಲ್ಲೇ ಚಿಕಿತ್ಸೆ. ಇದನ್ನು ಮೊದಲು ನಡೆಸಿ ನೋಡಿದ್ದು ಎಲ್ಲಿ ಗೊತ್ತೇ? 1961ರಲ್ಲಿ, ನಮ್ಮ ಮಡಕಶಿರಾವೂ ಸೇರಿದ್ದ ಅನಂತಪುರ ಜಿಲ್ಲೆಯಲ್ಲಿ. ಮರುವರ್ಷದಿಂದ ದೇಶದ ಬೇರೆ ಜಿಲ್ಲೆಗಳಿಗೂ ಹೋಯಿತು.

ಬಿಎಸ್‌ಸಿ ಓದುವಾಗ ಇಂಥದ್ದೇ ಒಂದು ಗಾಜಿನ ಪಟ್ಟಿಯನ್ನು ನಾವೂ ನೋಡಿದ್ದೆವು. ನೀಲಿಯ ನಡುವೆ ಕೆಂಪು ಸಣ್ಣ ಕಡ್ಡಿಗಳು. ಪರೀಕ್ಷೆಗೆ ಹೆಸರು ಬಾಯಿಪಾಠ ಮಾಡಿದ್ದೆವು, ಅನಂತಪುರದ ಸಂಗತಿಯನ್ನು ಮಾತ್ರ ಆಗ ನಮಗೆ ಯಾರೂ ಹೇಳಿರಲಿಲ್ಲ.