ದೊಡ್ಡ ಸ್ವಾಮಿಯವರು

ಬೇಡಿಕೊಂಡರೂ ದೇವರು ಕೊಡಲಿಲ್ಲವಲ್ಲ ಎಂದು ನಮ್ಮ ಶಾಲೆಯ ಬಾಲಿಕೆಯರು ಕೇಳುವುದುಂಟು. ಪರೀಕ್ಷೆಯ ವಿಷಯವಾದರೆ ಉತ್ತರ ಹೇಳುವುದು ಸುಲಭ; ತಾಯಿಯನ್ನು ಕಳೆದುಕೊಂಡವಳು ಕೇಳಿದಾಗ ಸುಲಭವಲ್ಲ. ಅಂಥವರಿಗಾಗಿ ನಮ್ಮ ಹಾಸನದ ಸೀಮೆಯಲ್ಲಿಯೇ ದುಡಿದ ಪಾದ್ರಿಯೊಬ್ಬರ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

1766ರಲ್ಲಿ ಫ್ರಾನ್ಸ್ ದೇಶದಲ್ಲಿ ಹುಟ್ಟಿದ ಅಬ್ಬೆ ದುಬುವಾ ಎಂಬವರು 1792ರಲ್ಲಿ ಗುರುಪಟ್ಟವನ್ನು ಹೊಂದಿ, ಸ್ವದೇಶವು ಮಹಾಕ್ರಾಂತಿಯಲ್ಲಿ ಬೇಯುತ್ತಿದ್ದ ಆ ವರ್ಷವೇ ಹಿಂದೂದೇಶಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಟಿಪ್ಪುವಿನ ಕಾಲದಲ್ಲಿ ಸೆರೆಯಾಗಿ, ಬಲಾತ್ಕಾರದಿಂದ ಮತವನ್ನು ಬಿಟ್ಟು ಚದರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಸಭೆಯಾಗಿ ಕೂಡಿಸುವ ಕಾರ್ಯಕ್ಕೆ ಅವರನ್ನು ಮೈಸೂರು ಸೀಮೆಗೆ ಕರೆಸಲಾಯಿತು. ಅವರು ಈ ನಾಡಿನ ಉಡುಪನ್ನೇ ಉಟ್ಟು, ಇಲ್ಲಿಯವರಂತೆಯೇ ಉಂಡು ಬಾಳಿದರು. ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು.

ಸಾಲಗಾಮೆಯಿಂದ ಹಾಸನಕ್ಕೆ ಬಂದು ಹೇಮಾವತಿಯ ಕಡೆಗೆ ಸಾಗಿದರೆ ಶೆಟ್ಟಿಹಳ್ಳಿ ಇದೆ. ನೆಲೆಯಿಲ್ಲದ ಬಡ ಕ್ರೈಸ್ತರಿಗೆ ಬೇಸಾಯದಿಂದ ಅನ್ನವಾಗಲೆಂದು ಅವರು ಒಕ್ಕಲು ಮಾಡಿಸಿದ ಎಡೆಗಳಲ್ಲಿ ಅದೂ ಒಂದು. (ಈಗ ಜಲಾಶಯದ ನೀರಿನಲ್ಲಿ ಮುಳುಗಿ ಏಳುವ ಅಲ್ಲಿಯ ದೇವಾಲಯವನ್ನು ಅವರು ಕಟ್ಟಿಸಿದರೆಂದು ಕೆಲವರು ತಿಳಿಯುವುದುಂಟು, ಅದು ಅವರು ತೀರಿಕೊಂಡ ಮೇಲೆ, 1860ರ ಸುಮಾರಿನಲ್ಲಿ ಬೇರೆ ಪಾದ್ರಿಗಳು ಕಟ್ಟಿಸಿದ್ದು.) ಸಿಡುಬಿಗೆ ಹಾಲು ಹಾಕುವ ಕ್ರಮವು 1802ರಲ್ಲಷ್ಟೇ ಹಿಂದೂದೇಶವನ್ನು ಮುಟ್ಟಿತ್ತು. ಜನರು ಅದಕ್ಕೆ ಹೆದರಿ ಓಡುತ್ತಿದ್ದ ಆ ಕಾಲದಲ್ಲಿ, 1803–04ರಲ್ಲಿ, ಇವರ ಪ್ರಯತ್ನದಿಂದ ಅದನ್ನು ಹಾಕಿಸಿಕೊಂಡವರ ಸಂಖ್ಯೆ 25,432 ಎಂದು ದಾಖಲೆಯಾಗಿದೆ.

ಇಷ್ಟಾದರೂ ಅವರು ಯಾವುದಕ್ಕಾಗಿ ಬಂದಿದ್ದರೋ ಅದು ದೊರೆಯಲಿಲ್ಲ. ಈ ದೇಶವು ಕ್ರಿಸ್ತನನ್ನು ಅರಿಯಬೇಕೆಂಬುದೇ ಅವರ ಬಾಳಿನ ಬೇಡಿಕೆ. ಇಪ್ಪತ್ತೈದು ವರ್ಷಗಳ ದುಡಿಮೆಯ ತರುವಾಯ ಅವರೇ ಲೆಕ್ಕ ಹಾಕಿ, ಒಬ್ಬ ದೇಶೀಯ ಸಹಾಯಕನೊಡನೆ ತಾವು ಸಭೆಗೆ ಸೇರಿಸಿದವರು ಇನ್ನೂರು ಮುನ್ನೂರಕ್ಕೆ ಮೀರಲಿಲ್ಲವೆಂದೂ, ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊಲೆಯರು ಮತ್ತು ಭಿಕ್ಷುಕರೆಂದೂ ಬರೆದರು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಮನುಷ್ಯ ಪ್ರಯತ್ನದಿಂದ ಆಗದ ಮಾತೆಂದೇ ಅವರ ತೀರ್ಮಾನ. ಆ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದಾಗ ಮಿಶನರಿಗಳಲ್ಲಿ ದೊಡ್ಡ ಕೋಲಾಹಲವೆದ್ದಿತು. ಜೇಮ್ಸ್ ಹಫ್ ಎಂಬವರು ಮರುವರ್ಷವೇ ಒಂದು ಪುಸ್ತಕವನ್ನು ಬರೆದು ಖಂಡಿಸಿದರು. ಅದೇ ಪತ್ರಗಳಲ್ಲಿ ಈ ದೇಶದ ಜನರ, ವಿಶೇಷವಾಗಿ ಸ್ತ್ರೀಯರ ಮೇಲೆ ಇತರರು ಹೊರಿಸಿದ ಅಪವಾದಗಳನ್ನು ಅವರು ಗಟ್ಟಿಯಾಗಿ ಅಲ್ಲಗಳೆದುದನ್ನು ಮಾತ್ರ ಹೆಚ್ಚು ಮಂದಿ ನೆನೆಯುವುದಿಲ್ಲ.

ಅವರು ಹೇಳಿದ್ದೆಲ್ಲವನ್ನೂ ನಾವು ಒಪ್ಪುವವರಲ್ಲ. ಜಾತಿಕಟ್ಟನ್ನು ಅವರು ಮೆಚ್ಚಿದ್ದು ನಮಗೆ ಹಿಡಿಸದು. ಆ ಎರಡು ಪಾಲು ಬಡವರನ್ನು ಅವರು ನಷ್ಟದ ಲೆಕ್ಕಕ್ಕೆ ಹಾಕಿದ್ದು ಇನ್ನೂ ಹಿಡಿಸದು. ನಮ್ಮಲ್ಲಿ ಅನೇಕರ ಪೂರ್ವಿಕರು ಅಂಥವರೇ, ಅವರ ಮೊಮ್ಮಕ್ಕಳ ಮಕ್ಕಳು ಇಂದು ಇದೇ ಬೆಂಚುಗಳಲ್ಲಿ ಕುಳಿತು ಓದುತ್ತಿದ್ದಾರೆ. ಕೇಳಿದ್ದು ಸಿಕ್ಕಲಿಲ್ಲವೆಂದು ಅವರು ಅತ್ತಾಗ, ಸಿಕ್ಕಿದ್ದು ಅವರ ಕಣ್ಣೆದುರಿಗೇ ಇದ್ದಿತೋ ಏನೋ. ಆದರೆ ಅವರ ಸತ್ಯವಂತಿಕೆಯನ್ನು ಗೌರವಿಸದಿರಲಾರೆವು. ದಾನಿಗಳನ್ನು ಮೆಚ್ಚಿಸುವ ಸಿಹಿ ವರದಿಗಳು ಎಲ್ಲೆಲ್ಲೂ ಅಚ್ಚಾಗುತ್ತಿದ್ದ ಕಾಲದಲ್ಲಿ, ಪ್ರಾರ್ಥನೆಗೆ ಉತ್ತರ ಬಂದಿತೆಂದು ಸುಳ್ಳು ಹೇಳದೆ, ಬರಲಿಲ್ಲವೆಂದು ಪೂಜಾಪೀಠವನ್ನೂ ಬಿಡದೆ ನಿಂತವರು ಅವರು. ಅವಿಶ್ವಾಸಿಯೆಂದು ಅವರನ್ನು ಹಳಿದವರು ಈ ಎರಡನೆಯದನ್ನು ಗಮನಿಸಲಿಲ್ಲ.

1823ರ ಜನವರಿಯಲ್ಲಿ ಅವರು ಈ ದೇಶವನ್ನು ಬಿಟ್ಟರು. ಕಂಪೆನಿ ಸರ್ಕಾರವು ವಿಶ್ರಾಂತಿವೇತನವನ್ನು ಕೊಟ್ಟಿತು. ಆಗ ಅವರಿಗೆ ಐವತ್ತೇಳು ವರ್ಷ. ಸುಮ್ಮನಿರಬಹುದಾಗಿತ್ತು. ಆದರೆ ಪ್ಯಾರಿಸಿನಲ್ಲಿ, ತಮ್ಮನ್ನು ಕಳುಹಿಸಿದ ಮಿಶನ್ ಸಂಘದ ಗುರುಮಠವನ್ನೇ ಸೇರಿ, 1836ರಿಂದ 1839ರ ವರೆಗೆ ಅದರ ಮುಖ್ಯಸ್ಥರಾಗಿದ್ದರು. ಪೂರ್ವದೇಶಗಳಿಗೆ ಹೊರಡುವ ಯುವಕ ಪಾದ್ರಿಗಳನ್ನು ಸಿದ್ಧಪಡಿಸಿ ಹಡಗು ಹತ್ತಿಸುವುದೇ ಆ ಮಠದ ಕೆಲಸ. 1848ರ ಫೆಬ್ರವರಿ 17ರಂದು ಅವರು ಪ್ಯಾರಿಸಿನಲ್ಲಿಯೇ ತೀರಿಕೊಂಡರು.