ಗಣಿತಜ್ಞ ಮಹಾವೀರಾಚಾರ್ಯರು

ದೀಪಾವಳಿಯ ಇರುಳುಗಳಲ್ಲಿ ನಮ್ಮ ಕುಪ್ಪೇಲೂರಿನ ಕಟ್ಟೆಯ ಮೇಲೆ ಮೂರೆಲೆಯ ಇಸ್ಪೀಟು ನಡೆಯುತ್ತಿತ್ತು. ಒಂದು ವರುಷ ನಾನೂ ಕುಳಿತು, ಗೋವಿನಜೋಳ ಮಾರಿದ ಹಣವನ್ನೆಲ್ಲ ಬೆಳಗಾಗುವುದರೊಳಗೆ ಕಳೆದೆನು. ಇಷ್ಟು ಸೋತ ಮೇಲೆ ಮೂರು ಎಕ್ಕಗಳು ಬಂದೇ ಬರಬೇಕೆಂಬ ಭ್ರಮೆ ನನ್ನನ್ನು ಎಬ್ಬಿಸಲಿಲ್ಲ. ಅವು ಎಷ್ಟು ಅಪೂರ್ವವೆಂದು ಅಳೆಯುವ ಸೂತ್ರವು ಕನ್ನಡನಾಡಿನ ದೊರೆಯೊಬ್ಬನ ಕಾಲದಲ್ಲಿಯೇ ರಚಿತವಾಗಿತ್ತೆಂದು ತಿಳಿದದ್ದು ಬಹುಕಾಲದ ಬಳಿಕ.

ಆ ದೊರೆ ಮಾನ್ಯಖೇಟದ ಅಮೋಘವರ್ಷ ನೃಪತುಂಗ. ನಮ್ಮ ಜಿಲ್ಲೆಯ ಬಂಕಾಪುರಕ್ಕೆ ಹೆಸರಾದ ಬಂಕೆಯನು ಅವನ ದಂಡನಾಯಕ; ಕವಿರಾಜಮಾರ್ಗವು ಅವನ ಆಸ್ಥಾನದ ಕೃತಿ. ಜೈನರಾದ ಮಹಾವೀರಾಚಾರ್ಯರು ಕ್ರಿ.ಶ. 850ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ಬರೆದರು. ಮೊದಲು ಜಿನನಿಗೆ ವಂದಿಸಿ, ದೊರೆಯನ್ನು ಕೊಂಡಾಡಿ, ತಮ್ಮ ಮನೆತನದ ಮಾತೆತ್ತದೆ ಲೆಕ್ಕಕ್ಕೆ ತೊಡಗಿದರು. ಜ್ಯೋತಿಷಗ್ರಂಥದ ಒಂದು ಅಧ್ಯಾಯವಾಗಿರದೆ, ಗಣಿತಕ್ಕೇ ಮೀಸಲಾದ ಪುಸ್ತಕವಿದು.

ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ಬಗೆಗಳೆಷ್ಟು? ಇಳಿಯುವ ಸಂಖ್ಯೆಗಳ ಗುಣಲಬ್ಧವನ್ನು ಏರುವ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸಬೇಕೆಂದು ಆಚಾರ್ಯರು ವಿಧಿಸಿದರು. ಅವರು ಕೊಟ್ಟ ಉದಾಹರಣೆ ಷಡ್ರಸಗಳದು. ಒಂದೊಂದಾಗಿಯೂ ಬೆರಸಿಯೂ 63 ಬಗೆ. ನಾನು ಅದನ್ನು ಇಸ್ಪೀಟಿಗೆ ಅನ್ವಯಿಸಿದೆನು. 52, 51, 50 ಇವನ್ನು ಗುಣಿಸಿ 6ರಿಂದ ಭಾಗಿಸಿದರೆ 22,100 ಕೈಗಳು. ಮೂರೂ ಎಕ್ಕಗಳಿರುವ ಕೈಗಳು ನಾಲ್ಕೇ. ಎಂದರೆ 5,525ಕ್ಕೆ ಒಂದು. ಐದೆಲೆಯ ಪೋಕರಿನಲ್ಲಿ ಕೈಗಳು 25,98,960. ರಾಯಲ್ ಫ್ಲಶ್ ಎಂಬ ಸರ್ವೋಚ್ಚ ಕೈ 6,49,740ಕ್ಕೆ ಒಂದು. ವಿಡಿಯೋ ಪೋಕರ್ ಯಂತ್ರದಲ್ಲಿ ಎಲೆಗಳನ್ನು ಒಮ್ಮೆ ಬದಲಿಸಬಹುದಾದ್ದರಿಂದ, ಜಾಣನಿಗೆ ಅದು ಸುಮಾರು 40,000ಕ್ಕೆ ಒಂದರಂತೆ ಬಂದೀತು. ಹಿಂದಿನ ಸೋಲುಗಳು ಮುಂದಿನ ಕೈಯನ್ನು ಎಳ್ಳಷ್ಟೂ ಹತ್ತಿರ ತಾರವು.

ಆಚಾರ್ಯರು ಜೂಜನ್ನೂ ಬಲ್ಲವರು. ಅವರ ಒಂದು ಲೆಕ್ಕದಲ್ಲಿ ಮಂತ್ರೌಷಧ ಬಲ್ಲವನೊಬ್ಬನು ಕೋಳಿಯಂಕವನ್ನು ಕಂಡು, ಇಬ್ಬರು ಒಡೆಯರೊಡನೆಯೂ ಗುಟ್ಟಾಗಿ ಕರಾರು ಮಾಡುತ್ತಾನೆ. ಗೆದ್ದವನು ತನ್ನ ಪಣದಷ್ಟು ಹಣವನ್ನು ಅವನಿಗೆ ಕೊಡಬೇಕು; ಸೋತರೆ ಮೊದಲನೆಯವನಿಗೆ ಅವನ ಪಣದ ಮೂರರಲ್ಲಿ ಎರಡು ಪಾಲು, ಎರಡನೆಯವನಿಗೆ ನಾಲ್ಕರಲ್ಲಿ ಮೂರು ಪಾಲು ಇವನೇ ಕೊಡುವನು. ಪಣಗಳು 42 ಮತ್ತು 40. ಮೊದಲ ಕೋಳಿ ಗೆದ್ದರೆ 42 ಪಡೆದು 30 ಕೊಡುವನು. ಎರಡನೆಯದು ಗೆದ್ದರೆ 40 ಪಡೆದು 28 ಕೊಡುವನು. ಯಾವುದು ಗೆದ್ದರೂ ಅವನಿಗೆ 12 ಲಾಭ!

ಯಂತ್ರದ ಬಹುಮಾನಪಟ್ಟಿಯನ್ನು ಬರೆಯುವವನೂ ಆ ಮಂತ್ರವಾದಿಯ ಸೋದರನೇ ಸರಿ. ಅವನು ಅದೃಷ್ಟವನ್ನು ನಂಬುವುದಿಲ್ಲ, ಎಣಿಸುತ್ತಾನೆ, ನಂಬುವವನು ಆಡುವವನು.

ಆಚಾರ್ಯರ ಗ್ರಂಥವನ್ನು 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಪ್ರಕಟಿಸಿದರು. ನಾನು ಕಟ್ಟೆಯ ಮೇಲೆ ಕುಳಿತದ್ದು ಅದಕ್ಕೂ ಎಷ್ಟೋ ವರುಷಗಳ ಮೇಲೆ. ಪುಸ್ತಕವಿತ್ತು, ಓದಿರಲಿಲ್ಲ.