ಅಕಾರದಲ್ಲಿ ನಮ್ಮೂರು

ಕನ್ನಡ ವರ್ಣಮಾಲೆಯ ಮೊದಲಕ್ಷರವನ್ನು ಕಂಡಾಗಲೆಲ್ಲ ನನಗೆ ಒಬ್ಬ ಹಿರಿಯರ ನೆನಪಾಗುತ್ತದೆ. ಅ. ನ. ಕೃ. ಎಂದು ನಾಡಿಗೆಲ್ಲ ಪರಿಚಿತರಾದ ಅರಕಲಗೂಡು ನರಸಿಂಗರಾವ್ ಕೃಷ್ಣರಾಯರ ಹೆಸರಿನ ಆ ಅಕಾರ ನಮ್ಮೂರಿನದು. ಅವರು ಜನಿಸಿದ್ದು 1908ರ ಮೇ 9ರಂದು, ದೂರದ ಕೋಲಾರದಲ್ಲಿ. ಅವರ ಕಾರ್ಯಕ್ಷೇತ್ರವಾದದ್ದು ಬೆಂಗಳೂರು. ಆದರೂ ಮನೆತನದ ಮೂಲವನ್ನು ಹೆಸರಿನ ಮುಂದಿರಿಸಿಕೊಂಡು ನಡೆದ ಅವರನ್ನು ಅರಕಲಗೂಡಿನವರಾದ ನಾವು ನಮ್ಮವರೆಂದೇ ಎಣಿಸಿದ್ದೆವು. ಎಣಿಸಿದ್ದೆವೇ ಹೊರತು ಅವರ ಪುಸ್ತಕಗಳಿಗೆ ನಮ್ಮ ಮನೆಯಲ್ಲಿ ಪ್ರವೇಶವಿರಲಿಲ್ಲ.

ನಮ್ಮ ತಂದೆ ಶಾಲೆಯ ಉಪಾಧ್ಯಾಯರು, ನೇಮನಿಷ್ಠೆಯವರು. ವೇಶ್ಯಾಜೀವನದ ದಾರುಣತೆಯನ್ನು ವಸ್ತುವಾಗಿ ಎತ್ತಿಕೊಂಡ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳು ಎಬ್ಬಿಸಿದ್ದ ಕೋಲಾಹಲ ಅವರ ಕಿವಿಗೂ ಬಿದ್ದಿತ್ತು. ಅಶ್ಲೀಲತೆಯ ಆಪಾದನೆಗೆ ಉತ್ತರವಾಗಿ ರಾಯರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥವನ್ನೇ ಬರೆದಿದ್ದರು. ಆ ಉತ್ತರವನ್ನು ನಮ್ಮ ತಂದೆ ಓದಿರಲಿಲ್ಲ. ಆಪಾದನೆಯನ್ನು ಮಾತ್ರ ಕೇಳಿದ್ದರು. ಬೆಳೆಯುವ ಹುಡುಗರು ಮುಟ್ಟಬಾರದ ಲೇಖಕರ ಸಾಲಿಗೆ ಊರಿನ ಈ ಮಗನನ್ನು ಅವರು ಸೇರಿಸಿಬಿಟ್ಟಿದ್ದರು.

1966ರಲ್ಲಿ ನಾನು ಹೇಮಾವತಿಯನ್ನು ದಾಟಿ, ಹಾಸನಕ್ಕೆ ಬಂದು ಪಿ.ಯು.ಸಿ. ತರಗತಿಗೆ ಸೇರಿದೆ. ವಿದ್ಯಾರ್ಥಿನಿಲಯದಲ್ಲಿ ನನ್ನ ಕೊಠಡಿಯ ಗೆಳೆಯನೊಬ್ಬನ ಬಳಿ ಟ್ರಾನ್ಸಿಸ್ಟರ್ ಇತ್ತು. ರಾತ್ರಿ ದೀಪ ಆರಿದ ಮೇಲೆ ಅವನು ಗಿಟಾರಿನ ಅಬ್ಬರದ ರಾಕ್ ಸಂಗೀತವನ್ನು ಹುಡುಕಿ ಹಿಡಿಯುತ್ತಿದ್ದ. ಇಂಗ್ಲೆಂಡಿನ ಬೀಟಲ್ಸ್ ತಂಡದ ಹುಚ್ಚು ಜಗತ್ತನ್ನೆಲ್ಲ ಆವರಿಸಿದ್ದ ದಿನಗಳವು. ಮಾತು ಅರ್ಥವಾಗದಿದ್ದರೂ ಆ ತಾಳಕ್ಕೆ ನನ್ನ ಕಾಲು ತಾನಾಗಿ ಕುಣಿಯುತ್ತಿತ್ತು. ಮರುಕ್ಷಣವೇ ಯಾವುದೋ ಅಪರಾಧ ಮಾಡಿದವನಂತೆ ನಾಚುತ್ತಿದ್ದೆ. ನನ್ನ ತಾಯಿಯ ತವರು ಕಾವೇರಿಯ ದಡದ ರುದ್ರಪಟ್ಟಣ. ಸಂಗೀತ ವಿದ್ವಾಂಸರ ಊರೆಂದೇ ಹೆಸರಾದ, ಆರ್. ಕೆ. ಶ್ರೀಕಂಠನ್ ಅವರಂಥ ಗಾಯಕರು ಹುಟ್ಟಿದ ಗ್ರಾಮ. ಅಂಥ ಊರಿನ ಮೊಮ್ಮಗನಾದ ನಾನು ಇದಕ್ಕೆ ತಲೆದೂಗಬಹುದೇ ಎಂಬ ಅಳುಕು ನನ್ನದು. ಅದೇ ವರ್ಷ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಪಂಡಿತ ರವಿಶಂಕರರ ಮುಂದೆ ಸಿತಾರಿನ ಪಾಠಕ್ಕೆ ಕುಳಿತಿದ್ದ ಸಂಗತಿ ನನಗೆ ತಿಳಿದದ್ದು ಬಹುಕಾಲದ ಮೇಲೆ.

ಆ ವರ್ಷವೇ ‘ಸಂಧ್ಯಾರಾಗ’ ಚಲನಚಿತ್ರ ತೆರೆಗೆ ಬಂದಿತು. ಕಥೆ ಅ. ನ. ಕೃ. ಅವರದು, ಸಂಗೀತವನ್ನೇ ಉಸಿರಾಗಿಸಿಕೊಂಡ ಲಕ್ಷ್ಮಣನ ಪಾತ್ರ ರಾಜಕುಮಾರರದು. ತಂದೆಯವರಿಗೆ ತಿಳಿಯದಂತೆ ನಾನೂ ಹೋಗಿ ಕುಳಿತೆ. ನಾದದೇವತೆಯನ್ನು ಕುರಿತ ಪ್ರಾರ್ಥನೆಯ ಹಾಡನ್ನು ಭೀಮಸೇನ ಜೋಷಿಯವರು ಎತ್ತಿಕೊಂಡಾಗ ಮೈ ನವಿರೆದ್ದಿತು. ಅಂದಿನಿಂದ ಇಂದಿನವರೆಗೆ, ಕಾಲೇಜು ಸೇರಿದ ವರ್ಷವೆಂದರೆ ನನ್ನ ಕಿವಿಯಲ್ಲಿ ಮೊದಲು ಏಳುವುದು ಆ ಕಂಠ. ಟ್ರಾನ್ಸಿಸ್ಟರಿನ ಗಿಟಾರು ಅದರ ಹಿಂದೆಯೇ ಬರುತ್ತದೆ. ಎರಡೂ ಒಂದೇ ಎದೆಯಲ್ಲಿ ಜಗಳವಾಡದೆ ಇರಬಲ್ಲವೆಂಬುದು ಅಂದು ನನಗೆ ತಿಳಿದಿರಲಿಲ್ಲ.

ಚಿತ್ರವನ್ನು ನೋಡಿ ಬಂದ ಮೇಲೆ ಗ್ರಂಥಾಲಯದಲ್ಲಿ ರಾಯರ ಪುಸ್ತಕಗಳನ್ನು ಹುಡುಕಿ ಓದತೊಡಗಿದೆ. ಅವರ ಬಾಳಿನ ವಿಸ್ತಾರ ಅರಿವಾದದ್ದು ಆಗಲೇ. 1934ರಲ್ಲಿ ‘ಜೀವನಯಾತ್ರೆ’ಯಿಂದ ಕಾದಂಬರಿಯ ದಾರಿಗೆ ಬಿದ್ದವರು ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು ಕಾದಂಬರಿ ಸಾರ್ವಭೌಮರೆನಿಸಿದರು. ಕಲಾವಿದನ ಬದುಕು ಅವರನ್ನು ಮತ್ತೆ ಮತ್ತೆ ಸೆಳೆಯಿತು: ಸಂಗೀತಗಾರನಿಗೆ ‘ಸಂಧ್ಯಾರಾಗ’, ಚಿತ್ರಕಾರನಿಗೆ ‘ಉದಯರಾಗ’, ನಟನಿಗೆ ‘ನಟಸಾರ್ವಭೌಮ’. 1940ರ ದಶಕದಲ್ಲಿ ಪ್ರಗತಿಶೀಲ ಚಳವಳಿಯ ಮುಂದಾಳಾಗಿ ತ. ರಾ. ಸು., ನಿರಂಜನ, ಬಸವರಾಜ ಕಟ್ಟೀಮನಿ ಮೊದಲಾದ ಕಿರಿಯರೊಡನೆ ಸಾಹಿತ್ಯವನ್ನು ಬಡವನ ಬಾಗಿಲಿಗೆ ಕೊಂಡೊಯ್ಯಲು ಹೆಣಗಿದರು. 1960ರಲ್ಲಿ ಮಣಿಪಾಲದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಸಂದಿತು.

ಪೀಠವೇರಿದವರು ಅಲ್ಲಿಯೇ ವಿರಮಿಸಲಿಲ್ಲ, ಬೀದಿಗೆ ಇಳಿದರು. ಮ. ರಾಮಮೂರ್ತಿ ಮೊದಲಾದವರೊಡನೆ ಕನ್ನಡ ಚಳವಳಿಯನ್ನು ಮುನ್ನಡೆಸಿದರು. ಬೆಂಗಳೂರಿನ ರಾಮೋತ್ಸವದ ಕಚೇರಿಗಳಲ್ಲಿ ಹೊರನಾಡಿನ ವಿದ್ವಾಂಸರಿಗೇ ಅಗ್ರಸ್ಥಾನ ದೊರೆತು, ಕನ್ನಡದ ಕಲಾವಿದರು ಮೂಲೆಗೆ ಬೀಳುತ್ತಿದ್ದಾರೆಂದು ಪ್ರತಿಭಟಿಸಿದರು. ಈ ಸಂಗತಿ ನನ್ನನ್ನು ಬಹುದಿನ ಕಾಡಿತು. ನಾದಕ್ಕೆ ಎಲ್ಲೆಯುಂಟೇ? ಸಂಗೀತವನ್ನು ಇಷ್ಟು ಪ್ರೀತಿಸಿದವರು ಸಂಗೀತ ಸಭೆಯ ಎದುರು ಪ್ರತಿಭಟನೆಗೆ ನಿಲ್ಲಬಹುದೇ?

ಉತ್ತರ ದೊರೆತದ್ದು ಆ ಚಿತ್ರದಿಂದಲೇ. ಅದರಲ್ಲಿ ಗದಗಿನ ನೆಲದ ಹಿಂದೂಸ್ತಾನಿ ಗಾಯಕ ಭೀಮಸೇನ ಜೋಷಿಯವರಿದ್ದರು. ಆಂಧ್ರದ ಬಾಲಮುರಳಿಕೃಷ್ಣರೂ ಇದ್ದರು. ಕನ್ನಡದ ಕಟ್ಟಾಳಿನ ಕಥೆಗೆ ತೆಲುಗು ನಾಡಿನ ಕಂಠ ಒದಗಿದಾಗ ಯಾರಿಗೂ ಅದು ಅಪಸ್ವರವೆನಿಸಲಿಲ್ಲ. ಅತಿಥಿಯನ್ನು ಪಡಸಾಲೆಯಲ್ಲಿ ಕೂರಿಸುವುದು ಬೇರೆ, ಮನೆಯ ಮಕ್ಕಳನ್ನು ಹಿತ್ತಿಲಿಗೆ ಅಟ್ಟುವುದು ಬೇರೆ. ರಾಯರ ಜಗಳ ಎರಡನೆಯದರ ಮೇಲೆ ಎಂದು ನಾನು ತಿಳಿದುಕೊಂಡೆ. ಅವರ ಮಾತಿನ ಕಾವು ಕೆಲವೊಮ್ಮೆ ಈ ಎರಡರ ನಡುವಣ ಗೆರೆಯನ್ನು ಮಸುಕಾಗಿಸಿದ್ದರೆ, ಅದನ್ನೂ ಒಪ್ಪಿಕೊಂಡೇ ಅವರನ್ನು ಗೌರವಿಸುತ್ತೇನೆ.

ಆ ವರ್ಷದ ದಸರೆಯ ರಜೆಗೆ ಊರಿಗೆ ಹೋದಾಗ ‘ಸಂಧ್ಯಾರಾಗ’ದ ಪ್ರತಿ ನನ್ನ ಟ್ರಂಕಿನಲ್ಲಿತ್ತು. ಪಂಚೆಯ ಮಡಿಕೆಯಲ್ಲಿ ಬಚ್ಚಿಟ್ಟಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಮಡಿಕೆ ಹಾಗೆಯೇ ಇದೆ, ಪುಸ್ತಕವಿಲ್ಲ. ಬೈಗಳಿಗೆ ಸಿದ್ಧನಾಗಿ ಎರಡು ದಿನ ಕಳೆದೆ. ಮೂರನೆಯ ದಿನ, ಊಟಕ್ಕೆ ಕುಳಿತಿದ್ದಾಗ, ತಂದೆಯವರು ತಲೆಯೆತ್ತದೆ, ಅದನ್ನು ಗ್ರಂಥಾಲಯಕ್ಕೆ ಎಂದು ಹಿಂತಿರುಗಿಸಬೇಕೆಂದು ಕೇಳಿದರು. ದಿನ ಹೇಳಿದೆ. ಇನ್ನೂ ಸ್ವಲ್ಪ ಉಳಿದಿದೆಯೆಂದೂ ಹಾಸನಕ್ಕೆ ಹೊರಡುವ ಮೊದಲು ಕೊಡುವೆನೆಂದೂ ತಿಳಿಸಿ ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡರು. ಆ ವಿಷಯವನ್ನು ನಾವಿಬ್ಬರೂ ಮತ್ತೆಂದೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ರಾಯರ ಪುಸ್ತಕಗಳಿಗಿದ್ದ ನಿಷೇಧ ಮಾತ್ರ ಅಂದಿಗೆ ಮುಗಿಯಿತು.

1971ರ ಜುಲೈ 8ರಂದು ಅ. ನ. ಕೃ. ತೀರಿಕೊಂಡರು. ಅವರಿಗಾಗ 63 ವರ್ಷ. ಅವರನ್ನು ಒಮ್ಮೆಯಾದರೂ ಕಂಡು, ನಾನು ಅರಕಲಗೂಡಿನವನೆಂದು ಹೇಳಿಕೊಳ್ಳಬೇಕೆಂಬ ಆಸೆ ಹಾಗೆಯೇ ಉಳಿಯಿತು. ಮುಂದೆ ನಾನೂ ಉಪಾಧ್ಯಾಯನಾದೆ. ಮಕ್ಕಳ ಕೈಹಿಡಿದು ಅಕಾರವನ್ನು ತಿದ್ದಿಸುವಾಗ, ಹಲಗೆಯ ಮೇಲಿನ ಆ ದುಂಡು ಅಕ್ಷರ ನನಗೆ ಅಕ್ಷರವೂ ಹೌದು, ಊರೂ ಹೌದು, ಕಾಣದೆಹೋದ ಆ ಹಿರಿಯರೂ ಹೌದು ಎನಿಸುತ್ತಿತ್ತು.